ಬಿಲ್ಲೆ, ಹಳಿ, ಕಲ್ಲಿದ್ದಲು: ವೆಸ್ಟ್ ವರ್ಜೀನಿಯಾದ ಗಣಿ ಊರುಗಳಲ್ಲಿ ಐದು ದಿನ

ನಾವಿರುವುದು ಅಮೆರಿಕದ ರಿಚ್ಮಂಡ್‌ನಲ್ಲಿ. ಇಲ್ಲಿ ಜೇಮ್ಸ್ ನದಿ ದಂಡೆಯ ಉದ್ದಕ್ಕೂ ಕಬ್ಬಿಣದ ಕಂಬಗಳ ಮೇಲೆ ಒಂದು ರೈಲು ಸೇತುವೆ ಇದೆ. ಕಲ್ಲಿದ್ದಲು ತುಂಬಿದ ಗೂಡ್ಸ್ ಗಾಡಿಗಳು ಅದರ ಮೇಲೆ ನಿಧಾನವಾಗಿ ಸಾಗಿ ನ್ಯೂಪೋರ್ಟ್ ನ್ಯೂಸ್ ಬಂದರಿಗೆ ಹೋಗುತ್ತವೆ. ಕಳೆದ ವರ್ಷ ಅಮ್ಮ ಊರಿಂದ ಬಂದಿದ್ದಾಗ ಸಂಜೆ ವಾಕಿಂಗ್‌ಗೆ ನಾವು ಅಲ್ಲಿಗೇ ಹೋಗುತ್ತಿದ್ದೆವು. ಅಮ್ಮನಿಗೆ ನದಿಗಿಂತ ಆ ಗೂಡ್ಸ್ ಮೇಲೇ ಕಣ್ಣು.

"ಇಷ್ಟೊಂದು ಕಲ್ಲಿದ್ದಲು ಎಲ್ಲಿಂದ ಬರುತ್ತೋ?" ಅಂತ ಕೇಳಿದಳು.

"ವೆಸ್ಟ್ ವರ್ಜೀನಿಯಾದಿಂದ. ಬೆಟ್ಟದ ಸೀಮೆ. ಐದಾರು ಗಂಟೆ ದಾರಿ."

"ಅಲ್ಲಿ ಗಣಿ ಊರು ಇರತ್ತಲ್ವಾ? ತೋರಿಸ್ತೀಯಾ?"

ಅಮ್ಮನ ಜೀವನ ಪೂರ್ತಿ ಕಳೆದದ್ದು ಕೆಜಿಎಫ್‌ನಲ್ಲಿ. ಅಪ್ಪ ಮೂವತ್ತು ವರ್ಷ ಚಿನ್ನದ ಗಣಿಯಲ್ಲಿ ಭೂಮಿಯೊಳಗೆ ಇಳಿದವರು. ನಾನು ಹುಟ್ಟಿ ಬೆಳೆದದ್ದು ಲೈನ್ ಮನೆಯಲ್ಲಿ, ಅಂದರೆ ಗಣಿ ಕೆಲಸಗಾರರ ಸಾಲು ಮನೆಯಲ್ಲಿ. ನಯಾಗರಾ ತೋರಿಸೋಣ ಅಂತ ಅಂದುಕೊಂಡಿದ್ದ ನಾನೂ ನನ್ನ ಹೆಂಡತಿ ಸುಮಾನೂ ಆ ಯೋಜನೆ ಬಿಟ್ಟು, ಅಕ್ಟೋಬರ್‌ನಲ್ಲಿ ಐದು ದಿನ ರಜೆ ಹಾಕಿದೆವು. ಗೂಡ್ಸ್ ಬರುವ ದಾರಿಯಲ್ಲೇ ಹಿಂದಕ್ಕೆ ಹೋಗುವುದು ಅಂತ ತೀರ್ಮಾನ ಆಯಿತು.

ಮೊದಲ ದಿನ: ಟಾಲ್ಕಾಟ್

ಚಿತ್ರಾನ್ನ, ಚಪಾತಿ, ಉಪ್ಪಿನಕಾಯಿ ಕಟ್ಟಿಕೊಂಡು ಬೆಳಗ್ಗೆ ಆರಕ್ಕೇ ಹೊರಟೆವು. ಬ್ಲೂ ರಿಡ್ಜ್ ಬೆಟ್ಟ ಹತ್ತಿ ಇಳಿದ ಮೇಲೆ ದಾರಿ ಪೂರ್ತಿ ಕೆಂಪು, ಹಳದಿ, ಕಿತ್ತಳೆ ಎಲೆಗಳು.

ಈ ಸೀಮೆಯಲ್ಲಿ ಕಲ್ಲಿದ್ದಲು ಇದೆ ಅಂತ ಜನಕ್ಕೆ ಮೊದಲೇ ಗೊತ್ತಿತ್ತು. ಆದರೆ ಹೊರಗೆ ಸಾಗಿಸಲು ದಾರಿ ಇರಲಿಲ್ಲ. ಬೆಟ್ಟದೊಳಗಿನ ಕಲ್ಲಿದ್ದಲಿಗೆ ಬೆಲೆ ಬಂದದ್ದು ರೈಲು ಬಂದ ಮೇಲೆ. ಚೆಸಪೀಕ್ ಅಂಡ್ ಒಹಾಯೊ ಎಂಬ ಕಂಪನಿ ರಿಚ್ಮಂಡ್‌ನಿಂದ ಒಹಾಯೊ ನದಿವರೆಗೆ ಹಳಿ ಹಾಕಿ, 1873ರ ಜನವರಿ 29ರಂದು ಹಾಕ್ಸ್ ನೆಸ್ಟ್ ಎಂಬಲ್ಲಿ ಕೊನೆಯ ಮೊಳೆ ಹೊಡೆಯಿತು. ಎರಡೂ ಕಡೆಯಿಂದ ಬಂದ ಹಳಿ ಕೂಡಿದ್ದು ಅಲ್ಲೇ. ಅದಕ್ಕೂ ಮುಂಚೆ ಟಾಲ್ಕಾಟ್‌ನಲ್ಲಿ ಒಂದು ಬೆಟ್ಟವನ್ನು ಕೊರೆಯಬೇಕಾಯಿತು. 1870ರಲ್ಲಿ ಶುರುವಾಗಿ 1872ಕ್ಕೆ ಮುಗಿದ ಆ ಸುರಂಗದ ಉದ್ದ ಸುಮಾರು ಎರಡು ಕಿಲೋಮೀಟರ್.

ಜಾನ್ ಹೆನ್ರಿಯ ಕಥೆ ಹುಟ್ಟಿದ್ದು ಇಲ್ಲಿ ಅಂತ ಊರಿನವರ ನಂಬಿಕೆ. ಅವನು ಕಪ್ಪು ಜನಾಂಗದ ಕೆಲಸಗಾರ. ಬಂಡೆಗೆ ಉಕ್ಕಿನ ಸರಳು ಹೊಡೆದು ತೂತು ಕೊರೆಯುವುದು ಅವನ ಕೆಲಸ. ಆವಿಯಿಂದ ಓಡುವ ಕೊರೆಯುವ ಯಂತ್ರ ಬಂದಾಗ ಅದರ ಜೊತೆ ಪಂದ್ಯಕ್ಕೆ ನಿಂತು, ಗೆದ್ದು, ಕೈಯಲ್ಲಿ ಸುತ್ತಿಗೆ ಹಿಡಿದೇ ಪ್ರಾಣ ಬಿಟ್ಟನಂತೆ. ಇದರ ಮೇಲೆ ಲಾವಣಿ ಕಟ್ಟಿ ಹಾಡಿದ್ದಾರೆ. ಸುರಂಗದ ಬಾಯಿಯ ಹತ್ತಿರ ಅವನ ಪ್ರತಿಮೆ ಇದೆ. ಅಗಲ ಎದೆ, ಬತ್ತಲೆ ಮೈ, ಎರಡೂ ಕೈಯಲ್ಲಿ ಸುತ್ತಿಗೆ.

ನನ್ನ ಮನಸ್ಸು ನಿಂತದ್ದು ಮಾತ್ರ ಇನ್ನೊಬ್ಬನ ಮೇಲೆ. ಸುತ್ತಿಗೆ ಹೊಡೆಯುವವನ ಎದುರಿಗೆ ಒಬ್ಬ ಕೂತು ಸರಳನ್ನು ಹಿಡಿದುಕೊಳ್ಳಬೇಕಿತ್ತು. ಪ್ರತಿ ಏಟಿಗೂ ಸರಳನ್ನು ಸ್ವಲ್ಪ ತಿರುಗಿಸಬೇಕು, ಇಲ್ಲದಿದ್ದರೆ ಅದು ಬಂಡೆಯಲ್ಲಿ ಕಚ್ಚಿಕೊಳ್ಳುತ್ತದೆ. ಕತ್ತಲಲ್ಲಿ ಏಟು ಒಂದಿಷ್ಟು ಆಚೆ ಈಚೆ ಆದರೆ ಕೈ ಪುಡಿ. ಅವನಿಗೆ ಪ್ರತಿಮೆ ಇಲ್ಲ. ಅಮ್ಮನಿಗೆ ಹೀಗಂದೆ. "ಹಿಡ್ಕೊಳ್ಳೋನಿಗೇ ಭಯ ಜಾಸ್ತಿ ಕಣೋ" ಅಂದಳು.

ಹಳೆಯ ಸುರಂಗದಲ್ಲಿ ಈಗ ರೈಲಿಲ್ಲ. ಬಾಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಪಕ್ಕದಲ್ಲೇ ಆಮೇಲೆ ಕೊರೆದ ಇನ್ನೊಂದು ಸುರಂಗದಲ್ಲಿ ಗೂಡ್ಸ್ ಓಡುತ್ತವೆ. ರಾತ್ರಿ ಹಿಂಟನ್ ಎಂಬ ಊರಿನಲ್ಲಿ ಉಳಿದೆವು.

ಎರಡನೆಯ ದಿನ: ಥರ್ಮಂಡ್, ನಟಲ್‌ಬರ್ಗ್

ಈ ಪ್ರವಾಸದಲ್ಲಿ ಒಂದೇ ಒಂದು ಊರು ನೋಡಲು ಸಮಯ ಇದೆ ಅಂತಾದರೆ ಥರ್ಮಂಡ್ ನೋಡಿ.

ಗ್ಲೆನ್ ಜೀನ್‌ನಿಂದ ಒಂದು ಸಣ್ಣ ರಸ್ತೆ ಹಳ್ಳದ ಪಕ್ಕದಲ್ಲೇ ಸುತ್ತಿ ಸುತ್ತಿ ಇಳಿಯುತ್ತದೆ. ಎದುರಿಗೆ ಕಾರು ಬಂದರೆ ಯಾರಾದರೂ ಒಬ್ಬರು ಹಿಂದಕ್ಕೆ ಹೋಗಬೇಕು. ಕೊನೆಗೆ ನ್ಯೂ ರಿವರ್ ನದಿ ಸಿಗುತ್ತದೆ. ಹೆಸರು ಹೊಸ ನದಿ, ಆದರೆ ಇದು ತುಂಬಾ ಹಳೆಯ ನದಿ. ಅದರ ಮೇಲೆ ರೈಲು ಸೇತುವೆ, ಸೇತುವೆಯ ಒಂದು ಮಗ್ಗುಲಲ್ಲಿ ಒಂದೇ ಕಾರು ಹೋಗುವಷ್ಟು ದಾರಿ. ದಾಟಿದರೆ ಥರ್ಮಂಡ್.

ಊರಿಗೆ ಬೀದಿ ಇಲ್ಲ. ಬ್ಯಾಂಕು, ಅಂಗಡಿ, ಹೋಟೆಲು, ಎಲ್ಲ ಇಟ್ಟಿಗೆ ಕಟ್ಟಡಗಳು ಸಾಲಾಗಿ ನಿಂತಿವೆ. ಅವುಗಳ ಬಾಗಿಲು ತೆರೆದರೆ ಎದುರಿಗೆ ಸೀದಾ ರೈಲು ಹಳಿ. ಹಿಂದೆ ಬೆಟ್ಟ, ಮುಂದೆ ನದಿ, ನಡುವೆ ಸಿಕ್ಕ ಚೂರು ಜಾಗವನ್ನು ರೈಲೇ ತೆಗೆದುಕೊಂಡಿತು. ಮನುಷ್ಯರು ಉಳಿದ ಜಾಗದಲ್ಲಿ ಹೊಂದಿಕೊಂಡರು.

ಕ್ಯಾಪ್ಟನ್ ವಿಲಿಯಂ ಥರ್ಮಂಡ್ ಎಂಬಾತನಿಗೆ 1873ರಲ್ಲಿ ಸರ್ವೆ ಮಾಡಿಕೊಟ್ಟ ಕೂಲಿಯ ಬದಲಿಗೆ ಇಲ್ಲಿ 73 ಎಕರೆ ಸಿಕ್ಕಿತು. ಸುತ್ತಲಿನ ಕಣಿವೆಗಳಲ್ಲಿ ಗಣಿಗಳು ತೆರೆದವು. ಒಂದೊಂದು ಗಣಿಯಿಂದ ಬಂದ ವ್ಯಾಗನ್‌ಗಳನ್ನು ಇಲ್ಲಿ ಕೂಡಿಸಿ ಉದ್ದನೆ ಗೂಡ್ಸ್ ಮಾಡಿ ಕಳಿಸಬೇಕಿತ್ತು. 20ನೇ ಶತಮಾನದ ಶುರುವಿನಲ್ಲಿ ಇಡೀ ಚೆಸಪೀಕ್ ಅಂಡ್ ಒಹಾಯೊ ದಾರಿಯಲ್ಲಿ ಅತಿ ಹೆಚ್ಚು ಆದಾಯ ತಂದ ನಿಲ್ದಾಣಗಳ ಸಾಲಿನಲ್ಲಿ ಈ ಪುಟ್ಟ ಊರಿತ್ತು. ದಿನಕ್ಕೆ 15 ಪ್ಯಾಸೆಂಜರ್ ರೈಲು ಬರುತ್ತಿದ್ದವು. ಕ್ಯಾಪ್ಟನ್ ಬಹಳ ದೈವಭಕ್ತ, ತನ್ನ ಜಾಗದಲ್ಲಿ ಸಾರಾಯಿ ಕೂಡದು ಅಂದ. ಹಾಗಾಗಿ ನದಿಯಾಚೆ, ಇನ್ನೊಬ್ಬರ ಜಾಗದಲ್ಲಿ, 1901ರಲ್ಲಿ ಡನ್‌ಗ್ಲೆನ್ ಅಂತ ಒಂದು ದೊಡ್ಡ ಹೋಟೆಲ್ ಎದ್ದಿತು. ಕುಡಿತ, ಇಸ್ಪೀಟು, ಎಲ್ಲಾ ಅಲ್ಲಿ. ಅಲ್ಲಿ ಒಂದು ಇಸ್ಪೀಟಿನ ಆಟ 14 ವರ್ಷ ನಿಲ್ಲದೆ ನಡೆಯಿತು ಅಂತ ಕಥೆ ಹೇಳುತ್ತಾರೆ. 1930ರಲ್ಲಿ ಹೋಟೆಲ್ ಸುಟ್ಟುಹೋಯಿತು.

2020ರ ಜನಗಣತಿಯಲ್ಲಿ ಥರ್ಮಂಡ್‌ನ ಜನಸಂಖ್ಯೆ 5. ಐದು ಸಾವಿರ ಅಲ್ಲ, ಐದು ಜನ.

ಹಾಗಾದರೆ ಊರು ಸತ್ತದ್ದು ಯಾಕೆ? ಬೆಂಕಿ, ಕಾರು, ರಸ್ತೆ, ಎಲ್ಲಾ ಕಾರಣವೇ. ಆದರೆ ನಿಜವಾದ ಕಾರಣ ಕಣ್ಣೆದುರಿಗೇ ನಿಂತಿತ್ತು: ಹಳಿಯ ಪಕ್ಕದಲ್ಲಿ ಕಾಂಕ್ರೀಟಿನ ಒಂದು ಎತ್ತರದ ಗೋಪುರ. 1922ರಲ್ಲಿ ಕಟ್ಟಿದ್ದು, 500 ಟನ್ ಕಲ್ಲಿದ್ದಲು ಹಿಡಿಯುತ್ತಿತ್ತು. ಉಗಿ ಎಂಜಿನ್ ಬಂದು ಗೋಪುರದ ಬಳಿ ನಿಂತರೆ ಮೇಲಿಂದ ತೂಬು ಇಳಿಸಿ ಕಲ್ಲಿದ್ದಲು ಸುರಿಯುತ್ತಿದ್ದರು. ಉಗಿ ಎಂಜಿನ್ನಿಗೆ ಬೇಕಾದ್ದು ಒಂದೆರಡಲ್ಲ. ಕಲ್ಲಿದ್ದಲು, ನೀರು, ಹಳಿಯಲ್ಲಿ ಜಾರದಂತೆ ಮರಳು. ಬೂದಿ ತೆಗೆಯಬೇಕು, ಎಣ್ಣೆ ಹಾಕಬೇಕು, ಒಡೆದ ಕೊಳವೆ ಸರಿ ಮಾಡಬೇಕು. ಹೀಗೆ ಸ್ವಲ್ಪ ಸ್ವಲ್ಪ ದೂರಕ್ಕೆ ಅದನ್ನು ಉಪಚಾರ ಮಾಡಲು ಒಂದೊಂದು ಊರು ಬೇಕಿತ್ತು. 1940ರ ದಶಕದ ಕೊನೆಗೆ ಡೀಸೆಲ್ ಎಂಜಿನ್ ಬಂತು. ಅದಕ್ಕೆ ಇದ್ಯಾವುದೂ ಬೇಡ. ಥರ್ಮಂಡ್‌ನಲ್ಲಿ ನಿಲ್ಲದೆ ಹೊರಟುಹೋಯಿತು. ಕಲ್ಲಿದ್ದಲು ಅದೇ ದಾರಿಯಲ್ಲಿ ಇವತ್ತಿಗೂ ಹೋಗುತ್ತಿದೆ, ಊರು ಮಾತ್ರ ಇಲ್ಲ. ಗಣಿ ಬರಿದಾದರೆ ಊರು ಮುಗಿಯುತ್ತದೆ ಅಂತ ನನಗೆ ಗೊತ್ತಿತ್ತು, ಅದನ್ನು ಕಣ್ಣಾರೆ ನೋಡಿದವನು ನಾನು. ಎಂಜಿನ್ ಬದಲಾಗಿದ್ದಕ್ಕೆ ಒಂದು ಊರು ಮುಗಿಯುತ್ತದೆ ಅಂತ ಇಲ್ಲಿ ತಿಳಿಯಿತು.

ನಿಲ್ದಾಣದ ಮರದ ಕಟ್ಟಡವನ್ನು ರಾಷ್ಟ್ರೀಯ ಉದ್ಯಾನದವರು ಚೆನ್ನಾಗಿ ಉಳಿಸಿಕೊಂಡಿದ್ದಾರೆ. ನಾವು ಹೋದಾಗ ಬಾಗಿಲು ಹಾಕಿತ್ತು. ಕಿಟಕಿಗೆ ಮುಖ ಒತ್ತಿ ಟಿಕೆಟ್ ಕೌಂಟರು, ಬೆಂಚು ನೋಡಿದೆವು. ವಾರಕ್ಕೆ ಮೂರು ದಿನ ಕಾರ್ಡಿನಲ್ ಎಂಬ ರೈಲು ಈ ದಾರಿಯಲ್ಲಿ ಬರುತ್ತದೆ. ಇಳಿಯುವವರೋ ಹತ್ತುವವರೋ ಇದ್ದರೆ ಮಾತ್ರ ಇಲ್ಲಿ ನಿಲ್ಲುತ್ತದೆ.

ಅಷ್ಟರಲ್ಲಿ ಕಣಿವೆಯಲ್ಲಿ ಹಾರ್ನ್ ಕೇಳಿಸಿತು. ಖಾಲಿ ವ್ಯಾಗನ್‌ಗಳ ಗೂಡ್ಸ್ ಒಂದು ಪೂರ್ವದಿಂದ ಬಂತು. ಬ್ಯಾಂಕಿನ ಬಾಗಿಲಿಗೂ ವ್ಯಾಗನ್‌ಗಳಿಗೂ ನಡುವೆ ಕೆಲವೇ ಹೆಜ್ಜೆ. ನೆಲ ನಡುಗಿತು, ಹಳೆಯ ಕಿಟಕಿಯ ಗಾಜು ಗಲಗಲ ಅಂದಿತು. ಅಮ್ಮ ಗೋಡೆ ಹಿಡಿದುಕೊಂಡಳು. ಗಾಡಿ ಹೋದ ಮೇಲೆ "ರಾಕ್ ಬರ್ಸ್ಟ್ ಆದಾಗ ನಮ್ಮ ಮನೆ ಪಾತ್ರೆ ಹಿಂಗೇ ಅಲ್ಲಾಡ್ತಿತ್ತು" ಅಂದಳು. ಕೆಜಿಎಫ್‌ನವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ಭೂಮಿಯ ಆಳದಲ್ಲಿ ಒತ್ತಡ ತಾಳಲಾರದೆ ಬಂಡೆ ಸಿಡಿಯುವುದು. ಮೇಲೆ ಪಾತ್ರೆ ಅಲ್ಲಾಡಿದರೆ ಕೆಳಗೆ ಯಾರಿಗೆ ಏನಾಯಿತೋ ಅಂತ ಹೆಂಗಸರು ಬಾಗಿಲಿಗೆ ಬರುತ್ತಿದ್ದರು.

ಮಧ್ಯಾಹ್ನ ನಟಲ್‌ಬರ್ಗ್‌ಗೆ ಹೋದೆವು. ಇಂಗ್ಲೆಂಡಿನಿಂದ ಬಂದ ಜಾನ್ ನಟಲ್ ಎಂಬಾತ ರೈಲು ಬರುವ ಮೊದಲೇ ಇಲ್ಲಿ ಜಮೀನು ಕೊಂಡು ಕಾದು ಕೂತಿದ್ದ. ಹಳಿ ಬಿದ್ದ ವರ್ಷವೇ ಕಲ್ಲಿದ್ದಲು ಕಳಿಸಿದ. ಈಗ ಅಲ್ಲಿ ಕಾಡು. ಕಲ್ಲಿದ್ದಲು ಸುಟ್ಟು ಉಕ್ಕಿನ ಕುಲುಮೆಗೆ ಬೇಕಾದ ಕೋಕ್ ಮಾಡುತ್ತಿದ್ದ ಒಲೆಗಳ ಸಾಲಿನ ಮೇಲೆ ಪಾಚಿ ಕಟ್ಟಿದೆ. ಆದರೆ ಬೆಟ್ಟದ ಮೇಲಿಂದ ಹಳಿವರೆಗೆ ಇಳಿಯುವ 1,385 ಅಡಿ ಉದ್ದದ ಕನ್ವೇಯರ್ ಹಾಗೇ ನಿಂತಿದೆ. ಅದನ್ನು ಹಾಕಿಸಿದವನು ಕಾರಿನ ಹೆನ್ರಿ ಫೋರ್ಡ್. 1920ರ ದಶಕದಲ್ಲಿ ತನ್ನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಬೇಕು ಅಂತ ಈ ಗಣಿಯನ್ನು ಗುತ್ತಿಗೆಗೆ ಹಿಡಿದ. ಗಣಿ ಅವನ ಕೈಯಲ್ಲಿ, ಕಾರ್ಖಾನೆ ಅವನ ಕೈಯಲ್ಲಿ, ನಡುವಿನ ರೈಲು ಮಾತ್ರ ಅವನ ಕೈಗೆ ಬರಲಿಲ್ಲ. 1928ರಲ್ಲಿ ಕೈ ತೊಳೆದುಕೊಂಡ. ಕೆಲಸಗಾರರ ವಸತಿಯಲ್ಲಿ ಬಿಳಿಯರು ಹಳ್ಳದ ಒಂದು ಕಡೆ, ಕಪ್ಪು ಜನ ಇನ್ನೊಂದು ಕಡೆ. ಶಾಲೆ ಬೇರೆ, ಚರ್ಚು ಬೇರೆ. ಗಣಿಯೊಳಗೆ ಮಾತ್ರ ಎಲ್ಲರಿಗೂ ಒಂದೇ ಕತ್ತಲು.

ಮೂರನೆಯ ದಿನ: ಕೇಮೂರ್, ಬೆಕ್ಲಿ

ಬೆಳಗ್ಗೆ ಅಮ್ಮ, ಸುಮಾ ನ್ಯೂ ರಿವರ್ ಗಾರ್ಜ್ ಸೇತುವೆ ನೋಡುತ್ತಾ ಕೂತರು. 1977ರಲ್ಲಿ ಮುಗಿದ ಈ ಕಮಾನು ಸೇತುವೆ ನದಿಯಿಂದ 876 ಅಡಿ ಎತ್ತರದಲ್ಲಿದೆ. ಮುಂಚೆ ಕಣಿವೆ ಇಳಿದು ಹತ್ತಲು ಮುಕ್ಕಾಲು ಗಂಟೆ ಬೇಕಿತ್ತಂತೆ. ಈಗ ಒಂದು ನಿಮಿಷ.

ನಾನೊಬ್ಬನೇ ಕೇಮೂರ್ ಗಣಿಗೆ ಇಳಿದೆ. 1899ರಿಂದ 1962ರವರೆಗೆ ನಡೆದ ಗಣಿ. ಕಣಿವೆಯ ಗೋಡೆಯ ಅರ್ಧಕ್ಕೆ ಗಣಿಯ ಬಾಯಿ, ಅಲ್ಲಿಂದ ತಳದ ಊರಿಗೆ 821 ಮೆಟ್ಟಿಲು. ತಳದವರೆಗೆ ಹೋಗಲಿಲ್ಲ. ಗಣಿಯ ಬಾಯಿಗೆ ಕಬ್ಬಿಣದ ಸರಳು ಹಾಕಿದ್ದಾರೆ. ಹತ್ತಿರದಲ್ಲಿ ಕೆಲಸಗಾರರಿಗೆ ಬರೆದ ಒಂದು ಹಳೆಯ ಫಲಕ ಇದೆ. "ನೀನು ಜೋಪಾನವಾಗಿ ಕೆಲಸ ಮಾಡಲಿ ಅಂತ ನಿನ್ನ ಮನೆಯವರು ಬಯಸುತ್ತಾರೆ" ಅನ್ನುವ ಅರ್ಥದ್ದು. ಅದರ ಫೋಟೋ ತೆಗೆದುಕೊಂಡು ಮೇಲೆ ಹತ್ತಿ ಬಂದು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಏನೂ ಹೇಳಲಿಲ್ಲ. ಫೋನ್ ಇಸ್ಕೊಂಡು ಸುಮಾರು ಹೊತ್ತು ನೋಡಿದಳು.

ಮಧ್ಯಾಹ್ನ ಬೆಕ್ಲಿ. ಇಲ್ಲಿ ಹಳೆಯ ಗಣಿಯೊಂದನ್ನು 1962ರಿಂದ ಜನಕ್ಕೆ ತೋರಿಸುತ್ತಿದ್ದಾರೆ. ಸಣ್ಣ ಟ್ರಾಲಿಯಲ್ಲಿ ಕೂರಿಸಿ 1,500 ಅಡಿ ಸುರಂಗದಲ್ಲಿ ಓಡಾಡಿಸುತ್ತಾರೆ. ಕರೆದುಕೊಂಡು ಹೋಗುವವರು ಗಣಿಯಲ್ಲಿ ದುಡಿದು ನಿವೃತ್ತರಾದವರೇ. ನಮಗೆ ಸಿಕ್ಕಿದ್ದು ಎಪ್ಪತ್ತು ದಾಟಿದ ಒಬ್ಬ ಅಜ್ಜ. ಮಾತಾಡುವಾಗ ನಡುನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು. ಅಮ್ಮ ಅದನ್ನು ಮೊದಲ ನಿಮಿಷದಲ್ಲೇ ಗಮನಿಸಿದಳು.

ಒಳಗೆ ತಣ್ಣಗಿತ್ತು. ವರ್ಷವಿಡೀ ಸುಮಾರು 14 ಡಿಗ್ರಿಯಂತೆ. "ಅಯ್ಯೋ, ನಮ್ಮಲ್ಲಿ ಕೆಳಗೆ ಹೋದಷ್ಟೂ ಬೆವರು" ಅಂದಳು ಅಮ್ಮ. ಇಲ್ಲಿನ ಕಲ್ಲಿದ್ದಲಿನ ಪದರ ಒಬ್ಬರ ಸೊಂಟದಷ್ಟೂ ಇಲ್ಲ. ನಾವು ನಿಲ್ಲಲು ಆಗಿದ್ದು ಆಮೇಲೆ ಬಂಡೆ ಒಡೆದು ಎತ್ತರ ಮಾಡಿದ್ದರಿಂದ. ಅಜ್ಜ ಮಂಡಿಯೂರಿ, ಮಗ್ಗುಲಾಗಿ ಮಲಗಿ, ಸಲಿಕೆ ಹಿಡಿದು ತೋರಿಸಿದರು. ಮಲಗಿಕೊಂಡೇ ಪದರದ ಬುಡವನ್ನು ಗುದ್ದಲಿಯಲ್ಲಿ ಕೆತ್ತಬೇಕು, ಮದ್ದು ತುಂಬಿ ಸಿಡಿಸಬೇಕು, ವ್ಯಾಗನ್‌ಗೆ ತುಂಬಬೇಕು. ಕೂಲಿ ದಿನಕ್ಕಲ್ಲ, ತುಂಬಿದ ಟನ್ನಿಗೆ. ಮಾಡಿಗೆ ಮರದ ಕಂಬ ಕೊಡುವುದಕ್ಕೆ, ಬಿದ್ದ ಕಲ್ಲು ಆಚೆ ಹಾಕುವುದಕ್ಕೆ ದುಡ್ಡಿಲ್ಲ. ಕಲ್ಲಿದ್ದಲಿನ ಜೊತೆ ಕಲ್ಲು ಸೇರಿದ್ದರೆ ಕೂಲಿಯಲ್ಲಿ ಕಡಿತ. ಮೇಲೆ ತೂಕ ಹಾಕುವವನು ಕಂಪನಿಯ ಆಳು. ಅದಕ್ಕೇ ಕಾರ್ಮಿಕ ಸಂಘ ಮೊದಲಿಂದ ಕೇಳುತ್ತಿದ್ದ ಬೇಡಿಕೆಗಳಲ್ಲಿ ಒಂದು, ತಕ್ಕಡಿಯ ಹತ್ತಿರ ನಮ್ಮ ಕಡೆಯವನೂ ಒಬ್ಬ ನಿಲ್ಲಬೇಕು ಅನ್ನುವುದು. ಎಷ್ಟು ಸಣ್ಣ ಬೇಡಿಕೆ ಅಲ್ವಾ? ಅದಕ್ಕೂ ಜಗಳ ಆಡಬೇಕಾಯಿತು.

ಹೊರಗೆ ಬಂದ ಮೇಲೆ ಅಜ್ಜ ಜೇಬಿನಿಂದ ಎರಡು ಲೋಹದ ಚೂರು ತೆಗೆದು ಅಮ್ಮನ ಅಂಗೈಯಲ್ಲಿಟ್ಟರು.

ಒಂದು ಕಂಪನಿಯ ದುಡ್ಡು. ಎಂಟಾಣೆಯಷ್ಟು ಅಗಲ, ಕಂಪನಿಯ ಹೆಸರಿನ ಅಕ್ಷರಗಳು, ನಡುವೆ ಕತ್ತರಿಸಿದ ತೂತು. ಇದನ್ನು ಸ್ಕ್ರಿಪ್ ಅನ್ನುತ್ತಾರೆ. ಸಂಬಳದ ದಿನಕ್ಕೆ ಮುಂಚೆ ಕೈ ಖಾಲಿಯಾದರೆ ಕಂಪನಿ ಕೊಡುತ್ತಿದ್ದದ್ದು ಇದನ್ನೇ. ನಡೆಯುವುದು ಕಂಪನಿಯ ಅಂಗಡಿಯಲ್ಲಿ ಮಾತ್ರ, ಅಲ್ಲಿ ಬೆಲೆ ಜಾಸ್ತಿ. ಮನೆ ಬಾಡಿಗೆ, ಡಾಕ್ಟರ ದುಡ್ಡು, ಗುದ್ದಲಿ, ಮದ್ದು, ದೀಪದ ಎಣ್ಣೆ, ಎಲ್ಲದಕ್ಕೂ ಸಂಬಳದಲ್ಲಿ ಹಿಡಿದುಕೊಳ್ಳುತ್ತಿದ್ದರು. ತಿಂಗಳ ಕೊನೆಗೆ ಕೆಲವರ ಚೀಟಿಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಇನ್ನೊಂದು ಹಿತ್ತಾಳೆಯ ಬಿಲ್ಲೆ. ದುಂಡಗೆ, ಮೇಲೆ ನೇತುಹಾಕಲು ತೂತು, ಕೆತ್ತಿದ ಒಂದು ನಂಬರ್. ಅಂಚು ಸವೆದು ನುಣ್ಣಗಾಗಿತ್ತು. ಗಣಿಗೆ ಇಳಿಯುವಾಗ ಹಲಗೆಗೆ ಬಿಲ್ಲೆ ಹಾಕಬೇಕು, ಹೊರಗೆ ಬಂದಾಗ ತೆಗೆಯಬೇಕು. ಶಿಫ್ಟ್ ಮುಗಿದ ಮೇಲೂ ಹಲಗೆಯಲ್ಲಿ ಬಿಲ್ಲೆ ಉಳಿದರೆ ಆ ನಂಬರಿನವನು ಇನ್ನೂ ಒಳಗಿದ್ದಾನೆ ಅಂತ ಅರ್ಥ.

ಅಜ್ಜ ಹೇಳುವ ಮೊದಲೇ ಅಮ್ಮನಿಗೆ ಗೊತ್ತಾಗಿತ್ತು. ಬಿಲ್ಲೆಯನ್ನು ಹೆಬ್ಬೆರಳಲ್ಲಿ ಉಜ್ಜುತ್ತಾ, "ಎರಡು ಸಾವಿರದ ನೂರಾ ಹದಿನಾಲ್ಕು" ಅಂದಳು. ಬಿಲ್ಲೆಯ ಮೇಲೆ ಇದ್ದ ನಂಬರ್ ಅದಲ್ಲ.

"ಅದ್ಯಾವ ನಂಬರಮ್ಮ?"

"ನಿಮ್ಮಪ್ಪಂದು."

ಅಪ್ಪ ಕೆಲಸ ಬಿಟ್ಟು ಮೂವತ್ತು ವರ್ಷದ ಮೇಲಾಯಿತು. ಅವರು ತೀರಿಕೊಂಡು ಹನ್ನೊಂದು ವರ್ಷ. ಅವರಿಗೆ ನಂಬರ್ ಇತ್ತು ಅನ್ನುವುದು ಕೂಡ ನನಗೆ ನೆನಪಿರಲಿಲ್ಲ. ಸುಮಾ ಅಮ್ಮನ ಕೈ ಹಿಡಿದುಕೊಂಡು, "ಅತ್ತೆ, ನಿಮಗೆ ಅದು ಹೇಗೆ ಗೊತ್ತು?" ಅಂತ ಕೇಳಿದಳು. "ಸೈರನ್ ಕೂಗಿದ್ರೆ ಓಡಿ ಹೋಗಿ ಏನಂತ ಕೇಳ್ಬೇಕಿತ್ತಮ್ಮ? ಹೆಸರು ಹೇಳಿದ್ರೆ ಅದೇ ಹೆಸರಿನೋರು ಹತ್ತು ಜನ ಇರ್ತಿದ್ರು. ನಂಬರೇ ಹೇಳ್ಬೇಕು" ಅಂದಳು.

ನಾನು ಅಜ್ಜನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಟೋಪಿ ತೆಗೆದರು. ತಮ್ಮ ಹೆಂಡತಿಗೂ ತಮ್ಮ ನಂಬರ್ ಬಾಯಿಪಾಠ ಇದೆ ಅಂದರು. ಆಮೇಲೆ ಅವರ ಅಲ್ಯೂಮಿನಿಯಂ ಊಟದ ಡಬ್ಬಿ ತೋರಿಸಿದರು. ಅಡಿಯ ಭಾಗದಲ್ಲಿ ನೀರು, ಮೇಲಿನ ತಟ್ಟೆಯಲ್ಲಿ ಊಟ. ಗಣಿ ಕುಸಿದು ಒಳಗೆ ಸಿಕ್ಕಿಕೊಂಡರೆ ಬೇಕಾಗುವುದು ನೀರು, ಅದಕ್ಕೇ ಅದರ ಭಾಗ ದೊಡ್ಡದು. ಅಮ್ಮನೂ ಅವರೂ ಡಬ್ಬಿಯ ಮುಚ್ಚಳ ತೆಗೆದು ಹಾಕಿ, ಕೈಸನ್ನೆಯಲ್ಲೇ ಕಾಲು ಗಂಟೆ ಮಾತಾಡಿದರು. ನಾನು ಅನುವಾದ ಮಾಡುವುದನ್ನು ನಿಲ್ಲಿಸಿದೆ.

ಗಣಿಯ ಪಕ್ಕದಲ್ಲೇ ಹಳೆಯ ಕಂಪನಿ ಮನೆಗಳನ್ನು ತಂದು ನಿಲ್ಲಿಸಿದ್ದಾರೆ. ಮೂರು ಕೋಣೆಯ ಮರದ ಮನೆ, ನಡುವೆ ಕಲ್ಲಿದ್ದಲಿನ ಒಲೆ. ಸ್ವಲ್ಪ ಮೇಲೆ ಸೂಪರಿಂಟೆಂಡೆಂಟರ ದೊಡ್ಡ ಬಂಗಲೆ. ಅಮ್ಮ ಎರಡನ್ನೂ ನೋಡಿ, "ಬಂಗಲೆ ಯಾವಾಗಲೂ ಎತ್ತರದಲ್ಲೇ" ಅಂದಳು.

ನಾಲ್ಕನೆಯ ದಿನ: ಕಿಂಬಲ್, ವೆಲ್ಚ್, ಮೇಟ್‌ವಾನ್

ಈ ದಿನ ರೈಲು ಬದಲಾಯಿತು. ತೆಂಕಣ ಕಡೆಯ ಕಲ್ಲಿದ್ದಲನ್ನು ಹೊರಗೆ ತಂದದ್ದು ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲು. ಕಣಿವೆ ಇನ್ನೂ ಕಿರಿದು. ಹಳ್ಳ, ಹಳಿ, ರಸ್ತೆ, ಒಂದು ಸಾಲು ಮನೆ, ಅಷ್ಟೇ ಜಾಗ. ಎಷ್ಟೋ ಮನೆಗಳ ಮಾಡು ಕುಸಿದಿದೆ. ವರಾಂಡದ ಕುರ್ಚಿ ಹಾಗೇ ಇದೆ.

ಇಲ್ಲಿನ ಮ್ಯಾಕ್‌ಡೊವೆಲ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) 1950ರಲ್ಲಿ 98,887 ಜನ ಇದ್ದರು. 2020ರಲ್ಲಿ 19,111. ಮೊದಲು ಹತ್ತಾರು ಜನರ ಕೆಲಸ ಮಾಡುವ ಯಂತ್ರಗಳು ಗಣಿಗೆ ಇಳಿದವು, ಆಮೇಲೆ 1980ರ ದಶಕದಲ್ಲಿ ಉಕ್ಕಿನ ಉದ್ಯಮ ಕುಸಿದು ಗಣಿಗಳೇ ಮುಚ್ಚಿದವು. ಕಿಂಬಲ್‌ನಲ್ಲಿ ಕಂಬಗಳ ದೊಡ್ಡ ಕಟ್ಟಡವೊಂದಿದೆ. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರ ನೆನಪಿಗೆ 1928ರಲ್ಲಿ ಕಟ್ಟಿದ್ದು. ದಕ್ಷಿಣದ ಹೊಲಗಳಿಂದ ಗಣಿ ಕೆಲಸಕ್ಕೆ ಬಂದ ಕಪ್ಪು ಜನ ಇಲ್ಲಿ ಮತ ಹಾಕಬಹುದಿತ್ತು, ದನಿ ಎತ್ತಬಹುದಿತ್ತು. ಅಷ್ಟು ದೊಡ್ಡ ಕಟ್ಟಡ ಕೇಳಿ ಕಟ್ಟಿಸಿಕೊಳ್ಳುವಷ್ಟು ಬಲ ಅವರಿಗಿತ್ತು.

ವೆಲ್ಚ್‌ನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದೆವು. 1921ರ ಆಗಸ್ಟ್ 1ರಂದು ಸಿಡ್ ಹ್ಯಾಟ್‌ಫೀಲ್ಡ್ ಮತ್ತು ಅವನ ಗೆಳೆಯ ಎಡ್ ಚೇಂಬರ್ಸ್ ಈ ಮೆಟ್ಟಿಲ ಮೇಲೆ ಗುಂಡೇಟಿಗೆ ಬಿದ್ದರು. ಇಬ್ಬರ ಕೈಯಲ್ಲೂ ಆಯುಧ ಇರಲಿಲ್ಲ, ಪಕ್ಕದಲ್ಲಿ ಹೆಂಡತಿಯರಿದ್ದರು. ಯಾಕೆ ಅಂತ ತಿಳಿಯಲು ಮೇಟ್‌ವಾನ್‌ಗೆ ಹೋಗಬೇಕು. ಒಂದೂವರೆ ಗಂಟೆ ದಾರಿ, ಪೂರ್ತಿ ತಿರುವು. ಅಮ್ಮನಿಗೆ ವಾಂತಿ ಬಂದು ಎರಡು ಸಲ ಕಾರು ನಿಲ್ಲಿಸಿದೆವು.

ಮೇಟ್‌ವಾನ್ ಪುಟ್ಟ ಊರು. ಒಂದು ಕಡೆ ಟಗ್ ಫೋರ್ಕ್ ನದಿ, ಆಚೆ ದಡ ಕೆಂಟಕಿ ರಾಜ್ಯ. ಇನ್ನೊಂದು ಕಡೆ ರೈಲು. ಸಿಡ್ ಹ್ಯಾಟ್‌ಫೀಲ್ಡ್ ಇಲ್ಲಿನ ಪೊಲೀಸ್ ಮುಖ್ಯಸ್ಥ, ಗಣಿ ಕಾರ್ಮಿಕರ ಪರ ನಿಂತವನು. 1920ರಲ್ಲಿ ಕೆಲಸಗಾರರು ಸಂಘ ಸೇರಿದರು. ಸಂಘ ಸೇರಿದವನಿಗೆ ಕೆಲಸ ಇಲ್ಲ ಅಂದಿತು ಗಣಿ ಕಂಪನಿ. ಕೆಲಸ ಇಲ್ಲ ಅಂದರೆ ಮನೆಯೂ ಇಲ್ಲ. ಮನೆ ಕಂಪನಿಯದು ತಾನೇ? ಮೇ 19ರಂದು ಬಾಲ್ಡ್‌ವಿನ್-ಫೆಲ್ಟ್ಸ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯ ಬಂದೂಕುಧಾರಿಗಳು ರೈಲಿನಲ್ಲಿ ಬಂದಿಳಿದು, ಮನೆಮನೆಯ ಸಾಮಾನು ಹೊರಗೆ ಎಸೆದರು. ಕೆಲಸ ಮುಗಿಸಿ ಸಂಜೆಯ ರೈಲಿಗೆ ವಾಪಸ್ ಹೊರಟಾಗ ಸಿಡ್ ಮತ್ತು ಮೇಯರ್ ಕೇಬಲ್ ಟೆಸ್ಟರ್‌ಮನ್ ಅವರನ್ನು ತಡೆದರು. ಗುಂಡು ಹಾರಿತು. ಏಳು ಪತ್ತೇದಾರರು, ಇಬ್ಬರು ಕಾರ್ಮಿಕರು, ಮೇಯರ್, ಒಟ್ಟು ಹತ್ತು ಜನ ಸತ್ತರು. ಹಳಿಯ ಪಕ್ಕದ ಇಟ್ಟಿಗೆ ಗೋಡೆಯಲ್ಲಿ ಗುಂಡು ಹೊಕ್ಕ ಜಾಗಗಳಿಗೆ ಗುರುತು ಹಾಕಿದ್ದಾರೆ. ನನ್ನ ಬೆರಳಿನ ತುದಿ ಅದರೊಳಗೆ ಸರಿಯಾಗಿ ಕೂತಿತು.

ಮರುವರ್ಷ ವೆಲ್ಚ್‌ನಲ್ಲಿ ಸಿಡ್‌ನನ್ನು ಕೊಂದಾಗ ಇಡೀ ಸೀಮೆ ಎದ್ದಿತು. ಸುಮಾರು ಹತ್ತು ಸಾವಿರ ಕಾರ್ಮಿಕರು ಕುತ್ತಿಗೆಗೆ ಕೆಂಪು ಕರ್ಚೀಫು ಕಟ್ಟಿಕೊಂಡು ಬ್ಲೇರ್ ಬೆಟ್ಟದ ಕಡೆ ನಡೆದರು. ಬೆಟ್ಟದ ಮೇಲೆ ಕಂಪನಿಗಳ ಪರ ಶೆರಿಫ್‌ನ ಜನ. ದಿನಗಟ್ಟಲೆ ಗುಂಡಿನ ಕಾಳಗ, ಬಾಡಿಗೆ ವಿಮಾನಗಳಿಂದ ಬಾಂಬು. ಕೇಂದ್ರ ಸರ್ಕಾರದ ಸೈನ್ಯ ಬಂದ ಮೇಲೆ ಕಾರ್ಮಿಕರು ಬಂದೂಕು ಇಳಿಸಿದರು. ಅವರಲ್ಲಿ ಎಷ್ಟೋ ಜನ ಅದೇ ಸೈನ್ಯದಲ್ಲಿ ಮೊದಲ ಮಹಾಯುದ್ಧ ಮಾಡಿ ಬಂದವರು. ಸಂಘ ಕಟ್ಟುವ ಹಕ್ಕು ಇಲ್ಲಿ ನಿಜವಾಗಿ ಸಿಕ್ಕಿದ್ದು 1933ರಲ್ಲಿ. ಊರಿನವರು ಸೇರಿ 2015ರಲ್ಲಿ ತೆರೆದ ಮ್ಯೂಸಿಯಂನಲ್ಲಿ ಇದೆಲ್ಲಾ ಇದೆ. ಬಹಳ ವರ್ಷ ಶಾಲೆಯ ಪುಸ್ತಕಗಳು ಹೇಳದೆ ಬಿಟ್ಟ ಕಥೆಯನ್ನು ಅವರು ತಾವೇ ಎತ್ತಿಟ್ಟುಕೊಂಡಿದ್ದಾರೆ. ಆ ಕೆಲಸಕ್ಕೆ ನನ್ನ ನಮಸ್ಕಾರ.

ಅಮ್ಮ ತುಂಬಾ ಹೊತ್ತು ನಿಂತದ್ದು ಗುಂಡಿನ ಗೋಡೆಯ ಮುಂದೆ ಅಲ್ಲ, ಮ್ಯೂಸಿಯಂನ ಒಂದು ಫೋಟೋ ಮುಂದೆ. ಮನೆ ಬಿಡಿಸಿದ ಸಂಸಾರಗಳು ಡೇರೆಯ ಮುಂದೆ ಕೂತಿವೆ. ಒಬ್ಬ ಹೆಂಗಸಿನ ಕಾಲ ಬಳಿ ಪಾತ್ರೆಗಳು. "ನೋಡು, ಹೊಲಿಗೆ ಮಿಷನ್ ಬಿಟ್ಟು ಬಂದಿಲ್ಲ" ಅಂತ ಫೋಟೋದ ಮೂಲೆ ತೋರಿಸಿದಳು. ನನಗೆ ಅದು ಕಂಡೇ ಇರಲಿಲ್ಲ.

ಐದನೆಯ ದಿನ: ಪೊಕಹಾಂಟಸ್

ರಾತ್ರಿ ಬ್ಲೂಫೀಲ್ಡ್‌ನಲ್ಲಿ ಉಳಿದು, ಬೆಳಗ್ಗೆ ಪೊಕಹಾಂಟಸ್‌ಗೆ ಹೋದೆವು. ಇದು ವರ್ಜೀನಿಯಾ ರಾಜ್ಯದ ಗಡಿಯೊಳಗಿನ ಊರು. 1882ರಲ್ಲಿ ಗಣಿ ತೆರೆಯಿತು, ಮರುವರ್ಷ ಮೊದಲ ಕಲ್ಲಿದ್ದಲು ರೈಲಿನಲ್ಲಿ ನಾರ್ಫೋಕ್ ಬಂದರಿಗೆ ಹೊರಟಿತು. ಬೆಕ್ಲಿಯ ಸೊಂಟದೆತ್ತರದ ಪದರ ನೋಡಿ ಬಂದವರಿಗೆ ಇಲ್ಲಿ ಆಶ್ಚರ್ಯ ಕಾದಿದೆ. ಪದರ ಸುಮಾರು 13 ಅಡಿ ಎತ್ತರ. ಅಮ್ಮ ಕತ್ತು ಎತ್ತಿ ನೋಡಿ, ಅಂಗೈಯಿಂದ ಸವರಿದಳು. ಉಗುರಿನ ಸಂದಿಗೆ ಸೇರಿದ ಕಪ್ಪು ರಿಚ್ಮಂಡ್ ತಲುಪುವವರೆಗೂ ಹೋಗಲಿಲ್ಲ.

1884ರ ಮಾರ್ಚ್ 13ರಂದು ಈ ಗಣಿಯಲ್ಲಿ ಸ್ಫೋಟವಾಗಿ 114 ಜನ ಸತ್ತರು. ರೈಲು ಬಂದು ವರ್ಷವಷ್ಟೇ ಆಗಿತ್ತು. ಅವರನ್ನು ಹೂಳಲು ಶುರುವಾದ ಗುಡ್ಡದ ಸ್ಮಶಾನ ಇವತ್ತಿಗೂ ಇದೆ. ಕಲ್ಲುಗಳ ಮೇಲೆ ಹಂಗೇರಿಯ ಭಾಷೆಯಲ್ಲಿ ಬರೆದ ಹೆಸರುಗಳು. ಸಮುದ್ರ ದಾಟಿ ಬಂದವರು. ನಮ್ಮ ಲೈನ್‌ನಲ್ಲೂ ತಮಿಳು, ತೆಲುಗು, ಕನ್ನಡ ಮೂರೂ ಕೇಳುತ್ತಿದ್ದವು. ಎಲ್ಲರೂ ಎಲ್ಲಿಂದಲೋ ಬಂದವರೇ.

ಸಂಜೆ ವಾಪಸ್ ಬರುವಾಗ ಕಾರಿನಲ್ಲೇ ಅಮ್ಮ ಕೆಜಿಎಫ್‌ನಲ್ಲಿರುವ ಚಿಕ್ಕಮ್ಮನಿಗೆ ಫೋನ್ ಮಾಡಿದಳು. ಅಲ್ಲಿ ಬೆಳಗಿನ ಜಾವ. ಚಿಕ್ಕಮ್ಮನ ಮಗ ಬೆಂಗಳೂರಿನ ಕೆಲಸಕ್ಕೆ ಮೊದಲ ರೈಲು ಹಿಡಿಯಲು ಹೊರಟಿದ್ದನಂತೆ, ಹಾಗಾಗಿ ಮನೆಯಲ್ಲಿ ದೀಪ ಹತ್ತಿತ್ತು. ಅಮ್ಮ ಎಲ್ಲಾ ಹೇಳಿದಳು. ಬಿಲ್ಲೆ, ಬಂಗಲೆ, ಊಟದ ಡಬ್ಬಿ, ಇಬ್ಬರು ಆಳೆತ್ತರದ ಕಲ್ಲಿದ್ದಲು. ಸ್ಪೀಕರ್‌ನಲ್ಲಿ ಚಿಕ್ಕಮ್ಮನ ದನಿ ಬಂತು: "ಈಗ ಅಲ್ಲಿ ಜನ ಏನ್ ಮಾಡ್ತಾರಂತೆ ಅಕ್ಕ?"

ಅಮ್ಮ ಸ್ವಲ್ಪ ಹೊತ್ತು ಕಿಟಕಿಯಿಂದ ಹೊರಗೆ ನೋಡಿದಳು.

"ಏನ್ ಮಾಡ್ತಾರೆ, ಊರು ಬಿಟ್ಟು ಹೋಗ್ತಾರೆ ಕಣೇ. ನಮಗಾದ್ರೆ ಬೆಳಗ್ಗೆ ಹೋಗಿ ಸಂಜೆ ಬರಕ್ಕೆ ಒಂದು ರೈಲಾದ್ರೂ ಇದೆ. ಮೇಟ್‌ವಾನ್ ಅಂತ ಒಂದು ಊರು, ಅಲ್ಲಿ ದಿನಾ ರೈಲು ಓಡುತ್ತೆ. ಮನುಷ್ಯರನ್ನ ಮಾತ್ರ ಹತ್ತಿಸಿಕೊಳ್ಳಲ್ಲ."